ನಿಂತ ಕೈ, ತಿರುಗಿದ ಕಾವಲಿ

ಬೆರಿಲ್ ಷೆರಟ್ ಬಗ್ಗೆ ಬರೆಯೋಣ ಅಂತ ಕೂತರೆ ಮೊದಲು ಕಿವಿಗೆ ಬೀಳುವುದು ಅವಳ ಬೈಗುಳ. ನಾನು ಅವಳ ಪಕ್ಕದ ಮನೆಯವನು, ಬಸ್ ಓಡಿಸಿ ನಿವೃತ್ತನಾದವನು. ಬೈಗುಳ ನನಗೆ ಹೊಸದಲ್ಲ. ಆದರೆ ನಮ್ಮೂರು ಲಾಂಗ್ಟನ್ನಿನ ಪ್ರಯಾಣಿಕರೆಲ್ಲ ಸೇರಿ ಬೈದದ್ದನ್ನು ಒಂದು ತಕ್ಕಡಿಗೆ ಹಾಕಿದರೂ ಬೆರಿಲ್‌ಳ ಕಡೆಯೇ ತೂಕ ಹೆಚ್ಚು.

"ಲೋ ವಿಲ್ಫ್, ಬೂಟು ಒರೆಸ್ಕೊಂಡು ಬಾ. ಬೀದಿ ಕೆಸರೆಲ್ಲಾ ತಂದು ನಮ್ಮನೇಲೇ ಸುರೀಬೇಕು ಅಂತ ಯಾರಾದ್ರೂ ಹೇಳಿದ್ರಾ ಡಕ್?"

ಡಕ್ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಸಲ್ಲುತ್ತದೆ. ಗಂಡನಿಗೂ ಡಕ್, ಪಾದ್ರಿಗೂ ಡಕ್, ಬಸ್ಸಿನಲ್ಲಿ ಚಿಲ್ಲರೆ ಇಲ್ಲ ಅನ್ನುವವನಿಗೂ ಡಕ್. ಬೈದು ಕೊನೆಗೆ ಅದೊಂದನ್ನು ಸೇರಿಸಿದರೆ ಖಾರ ಅರ್ಧ ಇಳಿಯುತ್ತದೆ. ಬೆರಿಲ್ ವಿಷಯದಲ್ಲಿ ಮಾತ್ರ ಇಳಿಯುತ್ತಿರಲಿಲ್ಲ.

ನಾನು ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ. ಹೊಗಳಿದರೆ ಜನ ಕೆಟ್ಟುಹೋಗುತ್ತಾರೆ ಅನ್ನುವುದು ನನ್ನ ನಂಬಿಕೆ. ನನ್ನ ಹೆಂಡತಿ ಇದ್ದಷ್ಟು ದಿನ ಇದೇ ಮಾತಿಗೆ ನನ್ನ ಜೊತೆ ಜಗಳವಾಡಿದಳು. ಆದರೆ ಆ ಮಂಗಳವಾರ ಬೆಳಿಗ್ಗೆ ಬೆರಿಲ್‌ಳ ಅಡುಗೆಮನೆಯಲ್ಲಿ ಕಂಡದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡರೆ ನನಗೆ ನೆಮ್ಮದಿಯಿಲ್ಲ.

ಹದಿನೈದು ತುಂಬುತ್ತಿದ್ದ ಹಾಗೆ ಬೆರಿಲ್‌ಳ ಅಮ್ಮ ಅವಳನ್ನು ಪಿಂಗಾಣಿ ಕಾರ್ಖಾನೆಗೆ ಕರೆದುಕೊಂಡು ಹೋಗಿ ಬಿಟ್ಟಳು. ಆಗ ನಮ್ಮೂರಲ್ಲಿ ಗಂಡಸರಿಗೆ ಜೇಡಿಮಣ್ಣು ಮತ್ತು ಭಟ್ಟಿ, ಹೆಂಗಸರಿಗೆ ಬಣ್ಣ ಮತ್ತು ಕುಂಚ. ಮೂರನೆಯ ದಾರಿ ಯಾರೂ ಕೇಳುತ್ತಿರಲಿಲ್ಲ. ಬೆರಿಲ್‌ಳಿಗೆ ಸಿಕ್ಕಿದ್ದು ತಟ್ಟೆಯ ಅಂಚಿಗೆ ಚಿನ್ನದ ಗೆರೆ ಹಾಕುವ ಕೆಲಸ. ಹಾಕುವಾಗ ಅದು ಚಿನ್ನದ ಹಾಗೆ ಕಾಣುವುದೇ ಇಲ್ಲ, ಕಾಕಂಬಿಯ ಹಾಗೆ ಕಂದು ಬಣ್ಣ. ಭಟ್ಟಿಯಲ್ಲಿ ಬೆಂದು ಬಂದ ಮೇಲೆ ಹೊಳಪು. ಮದುವೆಯಾಗಿ, ಗಂಡ ತೀರಿಹೋಗಿ, ಕೂದಲು ಬೆಳ್ಳಗಾಗಿ, ಕೊನೆಗೆ ಕಾರ್ಖಾನೆಯೇ ಬಾಗಿಲು ಹಾಕುವ ತನಕ ಅವಳು ಆ ಕಂದು ಗೆರೆಗಳ ಮುಂದೆ ಕೂತಳು. ಅವಳ ತಟ್ಟೆಗಳು ದೊಡ್ಡ ದೊಡ್ಡವರ ಊಟದ ಮನೆಗಳಿಗೆ ಹೋದವು.

"ಉಣ್ಣೋರು ಗೆರೆ ನೋಡ್ತಾರೇನೆ?" ಅಂತ ನನ್ನ ಹೆಂಡತಿ ಒಮ್ಮೆ ಕೇಳಿದ್ದಳು.

"ನೋಡಲ್ಲ. ಸೊಟ್ಟಗಿದ್ರೆ ನೋಡ್ತಾರೆ," ಅಂದಿದ್ದಳು ಬೆರಿಲ್.

ಗಂಡನ ಹೆಸರು ಸಿರಿಲ್. ಬೆರಿಲ್-ಸಿರಿಲ್ ಅಂತ ಬೀದಿಯ ಮಕ್ಕಳು ಪದ ಕಟ್ಟಿ ಕುಣಿಯುತ್ತಿದ್ದವಂತೆ. ಅವನು ಮೆತ್ತಗಿನ ಮನುಷ್ಯ. ಹೆಂಡತಿ ಬೈಯಲಿ ಅಂತಲೇ ಬಾಗಿಲ ಹತ್ತಿರ ನಿಂತು ಕಾಯುವವನು. ಮಣ್ಣಿನ ದೂಳು ಎದೆಗಿಳಿದು ಅವನು ಐವತ್ತರ ಆಸುಪಾಸಿನಲ್ಲೇ ಹೋದ. ಅವರಿಗೆ ಮಕ್ಕಳಿರಲಿಲ್ಲ. ತಂಗಿ ತೀರಿಕೊಂಡಾಗ ಅವಳ ಮಗಳು ಗೇಲ್‌ಳನ್ನು ಬೆರಿಲ್ ಮನೆಗೆ ಕರೆತಂದು ಸಾಕಿದಳು, ಓದಿಸಿದಳು, ಮದುವೆಯನ್ನೂ ಮಾಡಿಸಿದಳು. ಗೇಲ್ ಈಗ ಎರಡು ಬೀದಿಯಾಚೆ ಇದ್ದಾಳೆ.

ಇನ್ನು ಓಟ್‌ಕೇಕಿನ, ಅಂದರೆ ನಮ್ಮ ಕಡೆಯ ತೆಳ್ಳನೆಯ ಓಟ್ಸ್ ರೊಟ್ಟಿಯ ಮಾತು. ನಮ್ಮ ಬೀದಿಯ ಕೊನೆಯಲ್ಲಿ ಓಟ್‌ಕೇಕ್ ಮಾಡಿ ಮಾರುವ ಮನೆಯೊಂದಿದೆ. ಕಿಟಕಿಯಲ್ಲೇ ವ್ಯಾಪಾರ, ಭಾನುವಾರ ಬೆಳಿಗ್ಗೆ ಮೂಲೆಯವರೆಗೆ ಸಾಲು. ನಾನೂ ಆ ಸಾಲಿನಲ್ಲಿ ನಿಂತವನೇ. ಬೆರಿಲ್ ಮಾತ್ರ ಅದರ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಅಲ್ಲಿನ ಓಟ್‌ಕೇಕಿಗೆ ಅವಳಿಟ್ಟ ಹೆಸರು "ಚರ್ಮ". ಅವಳು ಮಾಡುವುದು ಮನೆಯಲ್ಲೇ. ನುಣ್ಣಗೆ ಬೀಸಿದ ಓಟ್ಸ್, ಹಿಡಿಯಷ್ಟು ಗೋಧಿ ಹಿಟ್ಟು, ಯೀಸ್ಟ್, ಬೆರಳು ತಡೆಯುವಷ್ಟು ಬಿಸಿಯ ನೀರು. ಕಲಸಿ ಬೆಚ್ಚಗೆ ಮುಚ್ಚಿಟ್ಟರೆ ಉಬ್ಬಿ ನೊರೆ ಬರುತ್ತದೆ. ಕಾದ ಕಬ್ಬಿಣದ ಕಾವಲಿಯ ಮೇಲೆ ಒಂದು ಸೌಟು ಹುಯ್ದು, ಮರದ ಚಮಚದ ಬೆನ್ನಿನಿಂದ ತೆಳ್ಳಗೆ ಸುತ್ತ ಸವರಬೇಕು. ಮೇಲೆಲ್ಲ ಸಣ್ಣ ಸಣ್ಣ ಕಣ್ಣು ಬಿಟ್ಟಾಗ ಮಗುಚಬೇಕು. ಕೇಳಲು ಇಷ್ಟೇ. ನಾನು ಮನೆಯಲ್ಲಿ ಒಮ್ಮೆ ಮಾಡಿ ನೋಡಿದೆ. ಬಂದದ್ದನ್ನು ಹೆಂಡತಿ ಕಿಟಕಿಯಿಂದ ಹಕ್ಕಿಗಳಿಗೆ ಎಸೆದಳು, ಹಕ್ಕಿಗಳೂ ಮುಟ್ಟಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಬೆರಿಲ್‌ಗೆ ಲಕ್ವ ಹೊಡೆಯಿತು. ಬಾಗಿಲು ತೆಗೆದು ಮೊದಲು ಕಂಡವಳು ಗೇಲ್. ಅಡುಗೆಮನೆಯ ನೆಲದ ಮೇಲೆ ಬೆರಿಲ್, ಮೇಜಿನ ಮೇಲೆ ಪಾತ್ರೆಯಿಂದ ಉಕ್ಕಿ ಹರಿದ ಹಿಟ್ಟು, ಒಲೆಯ ಮೇಲೆ ಖಾಲಿ ಕಾವಲಿ, ಕೆಳಗೆ ಉರಿ ಹಾಗೇ ಇತ್ತು. ಮನೆಯೇ ಹತ್ತಿಕೊಳ್ಳದಿದ್ದದ್ದು ಪುಣ್ಯ.

ಆಸ್ಪತ್ರೆಯಲ್ಲಿ ಮಾತು ತಿರುಗಿ ಬಂತು. ಮೊದಲು ಬಂದದ್ದು ಬೈಗುಳವೇ, ಹಾಗಾಗಿ ನಮಗೆಲ್ಲ ಧೈರ್ಯವಾಯಿತು. ಬಲಗಾಲು ಕೋಲು ಹಿಡಿದು ನಡೆಯುವಷ್ಟು ಸರಿಹೋಯಿತು. ಬಲಗೈ ಮಾತ್ರ ಬರಲಿಲ್ಲ. ಬೆರಳು ಮುಷ್ಟಿ ಕಟ್ಟಿಕೊಂಡು ಬಿಗಿದುಹೋದವು. ಏನನ್ನಾದರೂ ಅದರೊಳಗೆ ತುರುಕಿದರೆ ಹಿಡಿದೇ ಇರುತ್ತಿತ್ತು. ಎತ್ತು ಅಂದರೆ ಎತ್ತದು, ಆಡಿಸು ಅಂದರೆ ಆಡದು.

ಡಾಕ್ಟರು ಅವಳಿಗೆ ಬೇಕನ್ ಬೇಡ, ಚೀಸ್ ಬೇಡ, ಉಪ್ಪು ಚಿಟಿಕೆಯಷ್ಟೇ ಅಂದರು. ಓಟ್ಸ್ ಎಷ್ಟು ಬೇಕಾದರೂ ತಿನ್ನಿ, ಹೃದಯಕ್ಕೆ ಒಳ್ಳೆಯದು ಅಂದರು. ಮನೆಗೆ ಖಾಯಂ ಆಗಿ ಕಳಿಸುವ ಮುಂಚೆ ಒಂದು ಪರೀಕ್ಷೆಯನ್ನೂ ಇಟ್ಟರು. ಆಸ್ಪತ್ರೆಯಿಂದ ಒಬ್ಬಳು ಬಂದು ಕೂರುತ್ತಾಳೆ. ಬೆರಿಲ್ ತನ್ನ ಮನೆಯಲ್ಲೇ, ತನ್ನ ಒಲೆಯಲ್ಲೇ, ಯಾರ ಕೈಯೂ ತಾಗದೆ ಬೆಳಗಿನ ತಿಂಡಿ ಮಾಡಿ, ತಟ್ಟೆಗೆ ಹಾಕಿ, ಒಲೆ ಆರಿಸಬೇಕು. ಆಯಿತೋ, ಸರಿ. ಆಗದಿದ್ದರೆ ಊರಾಚೆಯ ವೃದ್ಧಾಶ್ರಮ. ಅಲ್ಲಿ ಬಿಸಿಲು ಬೀಳುವ ಕೋಣೆಯೊಂದನ್ನು ಗೇಲ್ ಆಗಲೇ ನೋಡಿ ಬಂದಿದ್ದಳು.

ಹಿಂದಿನ ದಿನ ಸಂಜೆ ನಾನು ಅಲ್ಲೇ ಇದ್ದೆ. ಪರೀಕ್ಷೆಗೆಂದು ಬೆರಿಲ್‌ಳನ್ನು ಮನೆಗೆ ಕಳಿಸಿದ್ದರು, ಗೇಲ್ ಜೊತೆಗಿದ್ದಳು.

"ಟೋಸ್ಟ್ ಮಾಡಿಬಿಡು ಆಂಟಿ. ಬ್ರೆಡ್ ಹಾಕೋದು, ಗುಂಡಿ ಒತ್ತೋದು, ಮುಗೀತು. ಟೋಸ್ಟ್ ಸಾಕು ಅಂತ ಆ ಆಸ್ಪತ್ರೆ ಹುಡುಗೀನೇ ಹೇಳಿದ್ದಾಳೆ."

"ಟೋಸ್ಟ್ ಮಾಡೋದು ಯಂತ್ರ. ಯಂತ್ರ ಪಾಸಾದ್ರೆ ಯಂತ್ರಾನೇ ಮನೇಲಿರ್ಲಿ. ನಾನ್ಯಾಕೆ?"

"ಹಟ ಮಾಡ್ಬೇಡ. ಒಂದು ಕೈಲಿ ಓಟ್‌ಕೇಕ್ ಆಗುತ್ತಾ?"

"ಈ ಮನೇಲಿ ದಿನಾ ಏನ್ ತಿಂತೀನೋ ಅದನ್ನೇ ಮಾಡಿ ತೋರಿಸ್ಬೇಕು. ಟೋಸ್ಟ್ ತೋರ್ಸಿ ಓಟ್‌ಕೇಕ್ ತಿಂದ್ರೆ ಅದು ಮೋಸ ಅಲ್ವಾ?"

ಗೇಲ್ ನನ್ನ ಕಡೆ ತಿರುಗಿದಳು. "ವಿಲ್ಫ್ ಅಂಕಲ್, ನೀವಾದ್ರೂ ಹೇಳಿ."

"ನಾನು ಹೇಳಿದ್ದನ್ನ ಇವಳು ಯಾವತ್ತು ಕೇಳಿದಾಳಮ್ಮ?"

"ಕೇಳೋ ಹಾಗೆ ಏನಾದ್ರೂ ಹೇಳಿದ್ರೆ ತಾನೇ ಕೇಳೋದು," ಅಂದಳು ಬೆರಿಲ್.

ನಾನು ಹೊರಟಾಗ ಗೇಲ್ ಬಾಗಿಲತನಕ ಬಂದಳು. ದನಿ ತಗ್ಗಿಸಿ ಹೇಳಿದಳು: "ಅವಳು ಸೋಲಲಿ ಅಂತ ನನಗೇನಿಲ್ಲ ಅಂಕಲ್. ಆ ದಿನ ಬಾಗಿಲು ತೆಗೆದಾಗ ನಾನು ಕಂಡಿದ್ದನ್ನ ನೀವು ಕಂಡಿಲ್ಲ. ಇನ್ನು ದಿನಾ ಬೆಳಿಗ್ಗೆ ಆ ಬಾಗಿಲು ತೆಗೀಬೇಕಲ್ಲ ಅಂದ್ರೆ ನನ್ನ ಕೈಲಾಗಲ್ಲ."

ಅವಳ ಮೇಲೆ ನನಗೆ ಸಿಟ್ಟಿತ್ತು, ಸಾಕಿದವಳನ್ನೇ ಸಾಗಹಾಕುತ್ತಿದ್ದಾಳೆ ಅಂತ. ಆ ಮಾತು ಕೇಳಿದ ಮೇಲೆ ಸಿಟ್ಟನ್ನು ಯಾರ ಮೇಲೆ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ.

ಬೆಳಿಗ್ಗೆ ಆಸ್ಪತ್ರೆಯ ಹುಡುಗಿ ಬಂದಳು. ಲಿಯಾನ್ ಅಂತ ಹೆಸರು. ಚಿಕ್ಕ ವಯಸ್ಸು, ಎತ್ತಿ ಕಟ್ಟಿದ ಜುಟ್ಟು. ಯಾರೂ ಹೇಳದೆ ಬೂಟು ಒರೆಸಿಕೊಂಡು ಒಳಗೆ ಬಂದಳು. ಬೆರಿಲ್ ನನ್ನ ಕಡೆ ನೋಡಿ ಹುಬ್ಬೆತ್ತಿದಳು, ನೋಡಿ ಕಲಿ ಅನ್ನುವ ಹಾಗೆ. ಲಿಯಾನ್ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಳು. ಗೇಲ್ ಕಿಟಕಿಯ ಬಳಿ ನಿಂತಳು. ನಾನು ಸಿಂಕಿನ ಮೂಲೆಯಲ್ಲಿ ನಿಂತೆ, ಬೆರಿಲ್ ನನ್ನನ್ನು ಸಾಕ್ಷಿಗೆ ಬರಹೇಳಿದ್ದಳು.

"ಯಾರೂ ಸಹಾಯ ಮಾಡೋ ಹಾಗಿಲ್ಲ," ಅಂದಳು ಲಿಯಾನ್. "ಅವಸರ ಏನಿಲ್ಲ ಮಿಸೆಸ್ ಷೆರಟ್. ನಿಧಾನವಾಗಿ ಮಾಡಿ."

ಹಿಟ್ಟನ್ನು ಬೆರಿಲ್ ಬೆಳಿಗ್ಗೆಯೇ ಎಡಗೈಯಲ್ಲಿ ಕಲಸಿಟ್ಟಿದ್ದಳು, ಅದು ಚೆನ್ನಾಗಿ ಉಬ್ಬಿತ್ತು. ಅಣಬೆ, ಟೊಮೇಟೊ ಬೆಂದು ಪಕ್ಕದಲ್ಲಿದ್ದವು. ಒಲೆ ಹಚ್ಚಿ, ಕಾವಲಿಗೆ ಎರಡು ಹನಿ ಎಣ್ಣೆ ಸವರಿ, ಎಡಗೈಯಲ್ಲೇ ಸೌಟೆತ್ತಿ ಹುಯ್ದಳು. ಆಮೇಲೆ ಚಮಚ ಹಿಡಿದು ಸವರಲು ಹೋದಳು. ಎಡಗೈಗೆ ಆ ವಿದ್ಯೆ ಗೊತ್ತಿರಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಕಾವಲಿಯೇ ಕಾಣುವಷ್ಟು ತೆಳು. ಮಗುಚಲು ಹೋದರೆ ಹರಿದು ಮುದ್ದೆಯಾಯಿತು. ಕೆರೆದು ಬುಟ್ಟಿಗೆ ಹಾಕಿದಳು. ಇನ್ನೊಂದು ಹುಯ್ದಳು, ಅದೂ ಹರಿಯಿತು.

ಗೇಲ್ ಕಿಟಕಿಯಾಚೆ ನೋಡತೊಡಗಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ.

"ಮಿಸೆಸ್ ಷೆರಟ್, ಟೋಸ್ಟ್ ಮಾಡಿದ್ರೂ ನಡೆಯುತ್ತೆ," ಅಂದಳು ಲಿಯಾನ್ ಮೆಲ್ಲಗೆ.

"ಸ್ವಲ್ಪ ಸುಮ್ನಿರು ಡಕ್. ಯೋಚನೆ ಮಾಡ್ತಿದೀನಿ."

ಅವಳು ತನ್ನ ಬಲಗೈಯನ್ನು ನೋಡುತ್ತಿದ್ದಳು. ಹೊಟ್ಟೆಗೆ ಒತ್ತಿಕೊಂಡು ಮುದುರಿದ್ದ ಕೈ. "ಇದು ಅಲ್ಲಾಡಲ್ಲ," ಅಂದಳು. ಮತ್ತೆ ಅಂದಳು, ಬೇರೆಯೇ ದನಿಯಲ್ಲಿ: "ಇದು ಅಲ್ಲಾಡೋದೇ ಇಲ್ಲ."

ಬ್ರೆಡ್ ಡಬ್ಬಿಯನ್ನು ಎಡಗೈಯಿಂದ ಎಳೆದು ಒಲೆಯ ಪಕ್ಕಕ್ಕೆ ತಂದಳು. ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ಮೊಣಕೈ ಡಬ್ಬಿಯ ಮೇಲೆ ಊರುವ ಹಾಗೆ ಇಟ್ಟಳು. ಮುಷ್ಟಿಯ ಬೆರಳುಗಳ ಸಂದಿಗೆ ಮರದ ಚಮಚವನ್ನು ತುರುಕಿದಳು. ಮುಷ್ಟಿ ಅದನ್ನು ಕಚ್ಚಿ ಹಿಡಿಯಿತು. ಎಡಗೈಯಲ್ಲಿ ಒಂದು ಸೌಟು ಹಿಟ್ಟನ್ನು ಕಾವಲಿಯ ನಡುವೆ ಹುಯ್ದು, ಚಮಚದ ಬೆನ್ನು ಹಿಟ್ಟಿಗೆ ತಾಗುವಷ್ಟು ಮುಂದೆ ಬಾಗಿ ನಿಂತಳು. ಆಮೇಲೆ ಎಡಗೈಗೆ ದಪ್ಪ ಕೈಗವಸು ಹಾಕಿಕೊಂಡು ಕಾವಲಿಯ ಕಿವಿ ಹಿಡಿದು ತಳ್ಳಿದಳು.

ಕಾವಲಿ ಕಿರ್ರೆಂದು ಒಲೆಯ ಮೇಲೆ ತಿರುಗಿತು.

ಆಗ ನನಗೆ ಹೊಳೆಯಿತು. ಕಾರ್ಖಾನೆಯಲ್ಲಿ ಅವಳು ಮಾಡುತ್ತಿದ್ದದ್ದು ಇದೇ. ಗೆರೆ ಎಳೆಯುವುದು ಅಂತ ನಾವು ಹೇಳುತ್ತೇವೆ, ಅವಳು ಎಂದೂ ಗೆರೆ ಎಳೆದವಳಲ್ಲ. ಮೊಣಕೈಯನ್ನು ಮರದ ತುಂಡಿನ ಮೇಲೆ ಊರಿ, ಕುಂಚವನ್ನು ಉಸಿರಾಡದಷ್ಟು ಸ್ಥಿರವಾಗಿ ಹಿಡಿದು, ಎಡಗೈಯಿಂದ ತಿಗರಿ ತಿರುಗಿಸುತ್ತಿದ್ದಳು. ತಟ್ಟೆಯೇ ಬಂದು ಕುಂಚದ ಕೆಳಗೆ ಗೆರೆ ಹಾಕಿಸಿಕೊಂಡು ಹೋಗುತ್ತಿತ್ತು. ಕೈ ಅಲ್ಲಾಡಿದರೆ ತಟ್ಟೆ ಹಾಳು. ಅಲ್ಲಾಡದ ಕೈಗಾಗಿ ಹುಡುಗಿಯರು ವರ್ಷಗಟ್ಟಲೆ ಕಲಿಯುತ್ತಿದ್ದರು. ಈಗ ಲಕ್ವ ಅವಳಿಗೆ ಕೊಟ್ಟದ್ದು ಅದೇ ಕೈಯನ್ನು.

ಕಾವಲಿ ಸುತ್ತಿತು. ಹಿಟ್ಟು ಚಮಚದ ಕೆಳಗೆ ತೆಳುವಾಗಿ ಹರಡಿಕೊಂಡಿತು. ಬೆರಿಲ್ ಕೈಯನ್ನಲ್ಲ, ಸೊಂಟವನ್ನು ಹಿಂದಕ್ಕೆ ಸರಿಸುತ್ತ ಬಂದಳು, ಕೂದಲೆಳೆಯಷ್ಟು ಕೂದಲೆಳೆಯಷ್ಟು. ಅವಳು ಹಿಂದೆ ಸರಿದ ಹಾಗೆ ಸುತ್ತು ದೊಡ್ಡದಾಯಿತು. ಎಲ್ಲೂ ದಪ್ಪವಿಲ್ಲ, ಎಲ್ಲೂ ಹರುಕಿಲ್ಲ. ಅಂಚು ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು ಕೂಡಿಕೊಂಡಿತು. ಜೀವಮಾನವಿಡೀ ಸ್ಟಿಯರಿಂಗ್ ತಿರುಗಿಸಿದವನು ನಾನು. ಕೈ ಆಡಿದರೇ ಕೆಲಸ ಅಂತ ನಂಬಿದವನು. ಕೈ ಸುಮ್ಮನೆ ನಿಂತು ಇಷ್ಟು ಮಾಡಬಲ್ಲದು ಅಂತ ಅವತ್ತು ಕಂಡೆ. ಇಗರ್ಜಿಯಲ್ಲಿ ಕೂಡ ನನಗೆ ತಲೆ ಬಗ್ಗಿಸಬೇಕು ಅನ್ನಿಸಿದ್ದಿಲ್ಲ. ಆ ಒಲೆಯ ಮುಂದೆ ಅನ್ನಿಸಿತು.

ಕಣ್ಣುಬಿಟ್ಟಿತು, ಮಗುಚಿದಳು, ಬೆಂದಿತು. ಅವಳದೇ ಚಿನ್ನದಂಚಿನ ತಟ್ಟೆಗೆ ಜಾರಿಸಿ, ಅಣಬೆ-ಟೊಮೇಟೊ ಹರಡಿದಳು. ಒಲೆ ಆರಿಸಿದಳು. ಆರಿದೆಯೇ ಅಂತ ಬಗ್ಗಿ ಮತ್ತೊಮ್ಮೆ ನೋಡಿದಳು. ತಟ್ಟೆ ತಂದು ಲಿಯಾನ್‌ಳ ಕೈಗೆ ಕೊಟ್ಟಳು.

ನಮ್ಮೂರು, ಸುತ್ತಲಿನ ಪಿಂಗಾಣಿ ಊರುಗಳವರಿಗೆಲ್ಲ ಒಂದು ಚಾಳಿಯಿದೆ. ಕೈಗೆ ತಟ್ಟೆ ಬಂದರೆ ಸಾಕು, ಅದನ್ನು ಮಗುಚಿ ತಳ ನೋಡಬೇಕು: ಯಾವ ಕಾರ್ಖಾನೆಯದು, ಯಾರ ಮುದ್ರೆ ಅಂತ. ಮದುವೆ ಮನೆಯಲ್ಲೂ ನೋಡುತ್ತೇವೆ, ಸಾವಿನ ಮನೆಯಲ್ಲೂ ನೋಡುತ್ತೇವೆ. ಲಿಯಾನ್ ತಟ್ಟೆ ತೆಗೆದುಕೊಂಡಳು. ಚಿನ್ನದ ಗೆರೆ ಕಂಡಳು. ಕಣ್ಣು ಇನ್ನೂ ಕಾವಲಿಯ ಮೇಲೇ ಇತ್ತು, ಬಾಯಿ ಇನ್ನೂ ತೆರೆದೇ ಇತ್ತು, ಮಣಿಕಟ್ಟು ತನ್ನಷ್ಟಕ್ಕೆ ತಟ್ಟೆಯನ್ನು ಮಗುಚಿಬಿಟ್ಟಿತು.

ಓಟ್‌ಕೇಕ್ ಪಚ್ಚೆಂದು ನೆಲಕ್ಕೆ ಬಿತ್ತು. ಅಣಬೆ ಅವಳ ಬೂಟಿನ ಮೇಲೆ.

ಲಿಯಾನ್‌ಳ ಮುಖ ಟೊಮೇಟೊಗಿಂತ ಕೆಂಪಾಯಿತು.

"ಅಯ್ಯಯ್ಯೋ! ಮಿಸೆಸ್ ಷೆರಟ್! ನಾನು ಬೇಕು ಅಂತ... ಕೈ ತಾನಾಗೇ..."

"ಯಾವೂರು ನಿಂದು?" ಅಂದಳು ಬೆರಿಲ್.

"ಟನ್‌ಸ್ಟಾಲ್."

"ಹಂಗನ್ನು. ಅಲ್ಲಿಯೋರಿಗೆ ಊಟ ಬಿದ್ರೂ ಪರವಾಗಿಲ್ಲ, ಮುದ್ರೆ ಕಾಣ್ಬೇಕು. ಕಾಣಿಸ್ತಾ?"

"ಇಲ್ಲ... ಅಷ್ಟರಲ್ಲಿ ಬಿದ್ದೋಯ್ತು."

ನಾನು ನಗು ತಡೆಯಲಾರದೆ ಸಿಂಕ್ ಹಿಡಿದುಕೊಂಡೆ. ಗೇಲ್ ಕೂಡ ನಕ್ಕಳು. ಲಿಯಾನ್ ನೆಲಕ್ಕೆ ಕೂತು ಬಾಚತೊಡಗಿದಳು. "ಇನ್ನೊಂದು ಮಾಡೋದು ಬೇಡ ಮಿಸೆಸ್ ಷೆರಟ್. ನೋಡ್ಬೇಕಾಗಿದ್ದನ್ನ ನಾನು ನೋಡಾಯ್ತು."

"ನೀನು ನೋಡಿದೆ," ಅಂದಳು ಬೆರಿಲ್. ಅವಳು ನೋಡುತ್ತಿದ್ದದ್ದು ಗೇಲ್‌ಳ ಕಡೆ. "ಒಂದ್ಸಲ ಬಂದ್ರೆ ಅದೃಷ್ಟ ಅಂತ ಅಂದ್ಕೊಳ್ಳೋರು ಇರ್ತಾರೆ."

ಗೇಲ್‌ಳ ನಗು ನಿಂತಿತು. ಅವಳ ಮನಸ್ಸಿನಲ್ಲಿ ಇದ್ದದ್ದು ಅದೇ ಮಾತು ಅಂತ ಮುಖವೇ ಹೇಳುತ್ತಿತ್ತು.

ಬೆರಿಲ್ ಮತ್ತೆ ಒಲೆ ಹಚ್ಚಿದಳು. ಈ ಸಲ ಆಯಾಸ ಕಾಣುತ್ತಿತ್ತು. ಹಣೆಯಲ್ಲಿ ಬೆವರು. ಹುಯ್ದಳು, ಬಾಗಿದಳು, ತಳ್ಳಿದಳು. ಅರ್ಧ ಸುತ್ತಿಗೆ ಕಾವಲಿ ಒಲೆಯ ಕಂಬಿಗೆ ಸಿಕ್ಕಿ ನಿಂತುಬಿಟ್ಟಿತು. ಕೈಗವಸು ಜಾರಿತು. ಗೇಲ್ ಒಂದು ಹೆಜ್ಜೆ ಮುಂದಿಟ್ಟಳು, ಲಿಯಾನ್ ನೆಲದಿಂದಲೇ ಕೈ ಅಡ್ಡ ಹಿಡಿದಳು. ಬೆರಿಲ್ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಅವಳ ಮೈಯೆಲ್ಲ ನಡುಗುತ್ತಿತ್ತು, ಆ ಬಲಗೈಯೊಂದನ್ನು ಬಿಟ್ಟು. ಕೈಗವಸು ಸರಿಮಾಡಿಕೊಂಡು ಮತ್ತೆ ತಳ್ಳಿದಳು. ಕಾವಲಿ ಬಿಟ್ಟುಕೊಂಡಿತು, ತಿರುಗಿತು, ಸುತ್ತು ಬೆಳೆಯಿತು, ಅಂಚು ಬಂದು ಅಂಚಿಗೆ ಕೂಡಿತು. ಮೊದಲಿನದಕ್ಕೂ ಇದಕ್ಕೂ ಎಳೆಯಷ್ಟು ವ್ಯತ್ಯಾಸವಿರಲಿಲ್ಲ.

ಒಲೆ ಆರಿಸಿ, ಬಗ್ಗಿ ನೋಡಿ, ತಟ್ಟೆಯನ್ನು ಈ ಸಲ ಮೇಜಿನ ಮೇಲಿಟ್ಟಳು. "ಮೇಲಿಂದ ತಿನ್ನು ಡಕ್. ತಳ ಆಮೇಲೆ ನೋಡ್ಬೋದು."

ಲಿಯಾನ್ ಎರಡು ಕೈಯನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು, ಮತ್ತೆ ಮೋಸವಾಗಬಾರದು ಅಂತ. ಆಮೇಲೆ ಚೂರು ಮುರಿದು ಬಾಯಿಗಿಟ್ಟಳು. ಅಗಿದು ನುಂಗಿ, ಬೆರಿಲ್‌ಳ ಮುಖ ನೋಡಿದಳು.

"ಮಿಸೆಸ್ ಷೆರಟ್, ನೀವು ನಿಮ್ಮ ಮನೇಲೇ ಇರ್ಬೋದು."

ಬೆರಿಲ್ ಕುರ್ಚಿ ಹಿಡಿದು ಮೆಲ್ಲಗೆ ಕೂತಳು. "ಏನಂದೆ?"

"ಮನೇಲೇ ಇರ್ಬೋದು ಅಂದೆ."

ಬೆರಿಲ್‌ಳ ಕಿವಿ ಚುರುಕು. ನನ್ನ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆಗೆದರೆ ಅವಳಿಗೆ ಗೋಡೆಯಾಚೆ ಕೇಳುತ್ತದೆ. ಆದರೂ ಅವಳು ಕಣ್ಣು ತುಂಬಿಕೊಂಡು, ಚಿಕ್ಕ ಹುಡುಗಿಯ ಹಾಗೆ ಕೇಳಿದಳು: "ಇನ್ನೊಂದ್ಸಲ ಹೇಳ್ತೀಯಾ?"

ಲಿಯಾನ್ ಬಾಯಿ ತೆರೆದಳು. ಅಷ್ಟರಲ್ಲಿ ಗೇಲ್ ಕಿಟಕಿ ಬಿಟ್ಟು ಬಂದು, ಆ ಬಿಗಿದ ಮುಷ್ಟಿಯ ಮುಂದೆ ನೆಲದ ಮೇಲೆ ಕೂತಿದ್ದಳು.

"ನೀನು ಎಲ್ಲಿಗೂ ಹೋಗಲ್ಲ ಆಂಟಿ, ಇಲ್ಲೇ ಇರ್ತೀಯ," ಅಂದಳು. "ದಿನಾ ಬೆಳಿಗ್ಗೆ ಬಂದು ಬಾಗಿಲನ್ನ ನಾನು ತೆಗೀತೀನಿ."